ಎಡ ರೆಕ್ಕೆಯ ಗರಿ

"ಹಂದಿಗೆ ಎದೆ ಯಾವ ಕಡೆ, ಅಂಡು ಯಾವ ಕಡೆ ಅಂತ ಇಪ್ಪತ್ತೆರಡು ವರ್ಷ ಆದ್ರೂ ಇವನಿಗೆ ತಿಳೀಲಿಲ್ಲ," ಎಂದ ವರ್ಲನ್ ಟ್ರಾಮೆಲ್, ಪಕ್ಕದಲ್ಲಿ ನಿಂತಿದ್ದ ಮಗನ ಕಡೆ ಹೆಬ್ಬೆರಳು ಮಾಡಿ. "ಸ್ಕೂಲು ತಲೆಗೆ ಹತ್ತಲಿಲ್ಲ. ಹೋಗ್ಲಿ, ಎಲ್ಲರಿಗೂ ಹತ್ತಲ್ಲ. ಬಿಲ್ಲಾದ್ರೂ ಕೈಗೆ ಹತ್ತುತ್ತೆ ಅಂದ್ಕೊಂಡೆ. ಕೋಳಿ ಫಾರಂನಲ್ಲಿ ಗೊಬ್ಬರ ಬಾಚ್ತಾನಲ್ಲ, ಅಷ್ಟೇ ಇವನ ಯೋಗ್ಯತೆ. ಅದಕ್ಕೂ ಕೋಳಿಗಳು ಒಪ್ಪಬೇಕು."

ಎಲ್ಲರೂ ನಕ್ಕರು. ಮೆರಿಲ್‌ನ ಷೆಡ್ಡಿನಲ್ಲಿ ಶನಿವಾರ ಬೆಳಿಗ್ಗೆ ಐದಾರು ಜನ ಇದ್ದೇ ಇರುತ್ತಾರೆ. ಬೇಟೆಯವರು ತಂದ ಜಿಂಕೆ, ಕಾಡುಹಂದಿ ಸುಲಿದು ಕೊಯ್ದು ಸಾಸೇಜು ಮಾಡಿಕೊಡುವ ಜಾಗ ಅದು. ಕಾಫಿ ಬಿಟ್ಟಿ. ಮಾತೂ ಬಿಟ್ಟಿ. ಕೋಲ್ಬಿ ಟ್ರಾಮೆಲ್ ನಗಲಿಲ್ಲ. ಉಕ್ಕಿನ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಇಟ್ಟಿದ್ದ ಬಾಣವನ್ನೇ ಅವನು ನೋಡುತ್ತಿದ್ದ.

ಬಾಣ ತಂದವರು ಮಿಸ್ ಐನೆಜ್ ಪ್ರೆವಿಟ್. ಹಳ್ಳದ ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ವಿಧವೆ; ಆ ಊರಲ್ಲಿ ಹಿರಿಯ ಹೆಂಗಸರನ್ನೆಲ್ಲ ಮಿಸ್ ಎಂದೇ ಕರೆಯುತ್ತಾರೆ. ಷೆಡ್ಡಿನ ಒಳಗೆ ಕಾಲಿಟ್ಟದ್ದು ಇದೇ ಮೊದಲಿರಬೇಕು. ಕೈಚೀಲವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದರು.

"ಬುಧವಾರದಿಂದ, ವರ್ಲನ್. ಬುಧವಾರ ಸಾಯಂಕಾಲದಿಂದ ಆ ಹೆಣ್ಣುಹಂದಿ ನನ್ನ ಜಗಲಿ ಕೆಳಗೆ ನುಸುಳ್ಕೊಂಡು ನರಳ್ತಾ ಇತ್ತು. ನಾನು ರೇಡಿಯೋ ಜೋರು ಮಾಡ್ಕೊಂಡು ಊಟ ಮಾಡ್ದೆ. ನಿನ್ನೆ ತಡೀಲಾರದೆ ಮೆರಿಲ್‌ನ ಕರೆಸಿದೆ. ಇವನು ಚಾಕು ಹಿಡ್ಕೊಂಡು ಒಳಗೆ ತೆವಳಿದ."

"ಹೊಟ್ಟೆ ತುಂಬ ಕೀವು," ಎಂದ ಮೆರಿಲ್ ತಲೆ ಎತ್ತದೆ. ಅವನು ಕತ್ತಿ ಮಸೆಯುತ್ತಿದ್ದ.

ಬಾಣದ ಹಿಂಭಾಗಕ್ಕೆ ಮೂರು ಗರಿ: ಎರಡು ಹಳದಿ, ಒಂದು ಬಿಳಿ. ಆ ಬಣ್ಣ ಕಂಡರೆ ಟ್ರಾಮೆಲ್ ಮನೆಯ ಬಾಣ ಎಂದು ಲವೆಲ್ ಊರಿನ ಚಿಕ್ಕ ಮಕ್ಕಳೂ ಹೇಳುತ್ತಾರೆ. ಆದರೆ ಆ ಮನೆಯೊಳಗಿನ ಲೆಕ್ಕ ಊರಿಗೆ ಗೊತ್ತಿಲ್ಲ. ಟರ್ಕಿ ಕೋಳಿಯ ಎಡ ರೆಕ್ಕೆಯ ಗರಿ ಒಂದು ಕಡೆಗೆ ಬಾಗಿರುತ್ತದೆ, ಬಲ ರೆಕ್ಕೆಯದು ಇನ್ನೊಂದು ಕಡೆಗೆ. ಒಂದೇ ಬಾಣಕ್ಕೆ ಎರಡನ್ನೂ ಬೆರೆಸಿ ಅಂಟಿಸಿದರೆ ಅದು ಗಾಳಿಯಲ್ಲಿ ಹುಚ್ಚೆದ್ದು ಹೋಗುತ್ತದೆ. ಹಾಗಾಗಿ ಒಂದು ಕೋಳಿ ಹೊಡೆದರೆ ಎಡ ರೆಕ್ಕೆ ಅಪ್ಪನಿಗೆ, ಬಲ ರೆಕ್ಕೆ ಮಗನಿಗೆ. ಕೋಲ್ಬಿಗೆ ಒಂಬತ್ತು ವರ್ಷವಾಗಿದ್ದಾಗಿನಿಂದ ಆ ಮನೆಯಲ್ಲಿ ನಡೆದುಬಂದ ಪಾಲು ಅದು. ಏನೂ ವ್ಯರ್ಥವಾಗುವುದಿಲ್ಲ, ಯಾರ ಬಾಣ ಯಾರದೆಂದು ಜಗಳವೂ ಇಲ್ಲ.

ಮೇಜಿನ ಮೇಲಿನ ಬಾಣಕ್ಕೆ ಇದ್ದದ್ದು ಎಡ ರೆಕ್ಕೆಯ ಗರಿ.

ಕೋಲ್ಬಿ ಬಗ್ಗಿ ಬಾಣ ಮೂಸಿದ. ಕರುಳಿನ ನಾತ. ಅಲಗಿನ ಬುಡದಲ್ಲಿ ಹಸಿರು ಒಣಗಿ ಹಿಡಿದಿತ್ತು. ಹೊಟ್ಟೆಗೆ ಬಿದ್ದ ಏಟು. ಎದೆಯಿಂದ ಒಂದು ಮೊಳ ಹಿಂದೆ. ಇಡೀ ಜಿಲ್ಲೆಯ ಅರ್ಧ ಹುಡುಗರಿಗೆ ಬಿಲ್ಲು ಹಿಡಿಯುವುದನ್ನು ಕಲಿಸಿದ ಮನುಷ್ಯ ಬಿಟ್ಟ ಬಾಣ ಇದು! ಬುಧವಾರ ಬೆಳಗಿನಿಂದ ಸಂಜೆಯ ತನಕ ತಾನು ಫಾರಂನಲ್ಲಿ ಕೋಳಿ ಹಿಡಿದು ಲಾರಿಗೆ ತುಂಬುತ್ತಿದ್ದ; ಹತ್ತು ಜನ ನೋಡಿದ್ದಾರೆ. ಒಂದೇ ಒಂದು ಮಾತು ಸಾಕಿತ್ತು. ಅದನ್ನು ಹೇಳಲೆಂದೇ ಅವನು ಅಪ್ಪನ ಕಡೆ ತಿರುಗಿದ.

ವರ್ಲನ್ ಅವನನ್ನೇ ನೋಡುತ್ತಿದ್ದ. ಅಥವಾ ಹಾಗೆ ಅನಿಸುತ್ತಿತ್ತು. ಅವನ ದೃಷ್ಟಿ ಮಗನ ಮುಖದ ಮೇಲಿರಲಿಲ್ಲ. ಕಿವಿಯ ಆಚೆ, ಗೋಡೆಗೆ ನೇತುಹಾಕಿದ್ದ ತಕ್ಕಡಿಯ ಕಡೆಗಿತ್ತು. ಅಲ್ಲಿ ನೋಡಿದರೆ ಮಾತ್ರ ಇವನು ಕಾಣುತ್ತಾನೆ ಎಂಬ ಹಾಗೆ. ಬೇಸಗೆಯಿಂದಲೂ ಅಪ್ಪ ಕಾಫಿ ಬಗ್ಗಿಸುವಾಗ ಲೋಟದ ಪಕ್ಕಕ್ಕೆ ನೋಡುತ್ತಿದ್ದದ್ದು, ಟ್ರಕ್ಕಿನ ಕೀಲಿ ತಾನಾಗಿಯೇ ಮಗನ ಕೈಗೆ ಹಾಕಿದ್ದು, ಮಂಡಿ ನೋವು ಅಂತ ಬಿಲ್ಲನ್ನು ಮೊಳೆಗೆ ನೇತುಹಾಕಿದ್ದು ಎಲ್ಲ ಒಟ್ಟಿಗೆ ಕೋಲ್ಬಿಯ ತಲೆಗೆ ಬಂತು. ಬಾಯಿಗೆ ಬಂದಿದ್ದ ಮಾತು ಅಲ್ಲೇ ಉಳಿಯಿತು.

"ನನ್ನ ಗೇಟಿನ ಕೀಲಿ ಕೊಟ್ಟುಬಿಡು, ಮಗ," ಎಂದರು ಮಿಸ್ ಐನೆಜ್. ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು.

"ಕೊಡ್ತಾನೆ. ಬರೀ ನಿಮ್ಮದಲ್ಲ, ಏಳೂ ಕೊಡ್ತಾನೆ, ನನ್ನ ಕೈಗೆ," ಎಂದ ವರ್ಲನ್. "ಇನ್ನು ಮೇಲೆ ಹಂದಿಗೆ ನಾನೇ ಹೋಗ್ತೀನಿ ಮಿಸ್ ಐನೆಜ್. ಮಂಡಿ ಹಾಳಾಗಿ ಹೋಗ್ಲಿ. ಏನೋ, ಕೇಳಿಸ್ತಾ?"

ಊರಿನ ಗಡಿಯೊಳಗೆ ಕೋವಿ ಸಿಡಿಸುವ ಹಾಗಿಲ್ಲ. ಅದು ಹಂದಿಗಳಿಗೂ ಗೊತ್ತಾಗಿಹೋಗಿದೆ. ನೆಚಸ್ ಹೊಳೆಯ ಕಡೆಯಿಂದ ಹಳ್ಳ ಹಿಡಿದು ಬಂದು ಹಿತ್ತಲು, ಹುಲ್ಲುಹಾಸು, ಸ್ಮಶಾನ ಎಲ್ಲ ಮೂತಿಯಲ್ಲಿ ಉತ್ತು ಹೋಗುತ್ತವೆ. ಬಿಲ್ಲಿಗೆ ಸದ್ದಿಲ್ಲ. ಹಳ್ಳದ ಅಂಚಿಗೆ ಜಮೀನಿದ್ದ ಏಳು ಮನೆಯವರು ಮೂವತ್ತು ವರ್ಷದಿಂದ ವರ್ಲನ್‌ನ ಕೈಗೆ ತಮ್ಮ ಗೇಟಿನ ಕೀಲಿ ಕೊಟ್ಟಿದ್ದರು. ಕರೆಯದೆ, ಕೇಳದೆ, ಯಾವ ಹೊತ್ತಿಗೆ ಬೇಕಾದರೂ ತಮ್ಮ ಮನೆಯ ಹಿಂದೆ ಆಯುಧ ಹಿಡಿದು ಓಡಾಡಬಹುದಾದ ಮನುಷ್ಯ ಊರಿನಲ್ಲಿ ಅವನೊಬ್ಬನೇ. ಷೆರೀಫನಿಗೂ ಆ ಮರ್ಯಾದೆ ಇರಲಿಲ್ಲ. ಈ ವಸಂತದಲ್ಲಿ ಅವನು ಆ ಕೀಲಿಗೊಂಚಲನ್ನು ಮಗನಿಗೆ ಕೊಟ್ಟಾಗ ಕೋಲ್ಬಿ ಒಂದು ವಾರ ಅದನ್ನು ಜೇಬಿನಿಂದ ತೆಗೆದಿರಲಿಲ್ಲ. ಆಮೇಲೂ ಫಾರಂಗೆ ಹೋಗುವ ದಿನ ಮಾತ್ರ ಮನೆಯ ಮೊಳೆಗೆ ಹಾಕಿ ಹೋಗುತ್ತಿದ್ದ.

ಈಗ ಜೇಬಿನಿಂದ ತೆಗೆದ. ಅಪ್ಪನ ಅಂಗೈ ಎಲ್ಲಿತ್ತೋ ಅಲ್ಲಿಗೇ ಒಯ್ದು ಇಟ್ಟ.

"ಹೌದು ಸರ್," ಎಂದ.

*

ಮಧ್ಯಾಹ್ನ ಅವನು ಹಳ್ಳದೊಳಗಿನಿಂದ ನಡೆದು ಮಿಸ್ ಐನೆಜ್‌ರ ಜಮೀನಿಗೆ ಹೋದ. ಗೇಟಿನಿಂದ ಹೋಗುವ ಹಕ್ಕು ಬೆಳಿಗ್ಗೆಯೇ ಮುಗಿದಿತ್ತು. ಕಳ್ಳನ ಹಾಗೆ ತಂತಿಬೇಲಿ ದಾಟಬೇಕಾಯಿತು. ಅಂಗಿ ಹರಿಯಿತು. ಬೈದುಕೊಂಡೇ ದಾಟಿದ. ಅಪ್ಪನನ್ನು ಬೈದ, ಆ ಹಂದಿಯನ್ನು ಬೈದ, ಷೆಡ್ಡಿನಲ್ಲಿ ನಕ್ಕ ಒಬ್ಬೊಬ್ಬನ ಹೆಸರು ಹಿಡಿದು ಬೈದ. ಹತ್ತನೇ ತರಗತಿಯಲ್ಲಿ ಸ್ಕೂಲು ಬಿಟ್ಟು ಬಂದ ದಿನ ಇದೇ ಅಪ್ಪ, "ಹೋಗ್ಲಿ ಬಿಡು, ಪುಸ್ತಕದಲ್ಲಿರೋದು ಎಲ್ಲರಿಗೂ ಕಾಣುತ್ತೆ, ನೆಲದ ಮೇಲಿರೋದು ಕಾಣೋದು ನಮ್ಮಂಥೋರಿಗೆ," ಅಂದಿದ್ದ. ಆ ಮಾತನ್ನು ನಂಬಿಕೊಂಡು ಆರು ವರ್ಷ ಕಳೆದಿದ್ದ ಕೋಲ್ಬಿ.

ನೆಲದ ಮೇಲೆ ಇದ್ದದ್ದು ಅವನಿಗೆ ಕಂಡಿತು. ಓಕ್ ಮರಗಳ ಕೆಳಗೆ ಕಾಯಿಗಾಗಿ ಹಂದಿಗಳು ಕೆದಕಿದ ಗುರುತು. ಪೊದೆಯ ಹಿಂದೆ ಬೋರಲು ಹಾಕಿದ ಒಂದು ಪ್ಲಾಸ್ಟಿಕ್ ಬಕೆಟ್ಟು, ಅದರ ಸುತ್ತ ಪೆಕಾನ್ ಕಾಯಿಯ ಸಿಪ್ಪೆ. ಅಪ್ಪ ಕಾಯುವಾಗ ಎರಡು ಕಾಯಿಗಳನ್ನು ಅಂಗೈಯಲ್ಲಿ ಒತ್ತಿ ಒಡೆದು ತಿನ್ನುತ್ತಾನೆ. ಬಕೆಟ್ಟಿನಿಂದ ಹದಿನೆಂಟು ಹೆಜ್ಜೆ ಆಚೆ ಹಂದಿಯ ಕಾಲುದಾರಿ. ಅಲ್ಲಿ ಒಂದಿಷ್ಟು ಬಿರುಸು ಕೂದಲು ಕತ್ತರಿಸಿ ಬಿದ್ದಿತ್ತು. ಉದ್ದ ಕೂದಲಲ್ಲ, ಹೊಟ್ಟೆಯ ಕಡೆಯ ತೆಳು ಕೂದಲು. ರಕ್ತ ಹೆಚ್ಚಿಲ್ಲ. ಎಲೆಯ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಹನಿ, ಮನೆಯ ಜಗಲಿಯ ದಿಕ್ಕಿಗೆ. ಹದಿನೆಂಟು ಹೆಜ್ಜೆಯಿಂದ ಅಪ್ಪ ಒಂದು ಕಾಲದಲ್ಲಿ ಬಾಟಲಿಯ ಮುಚ್ಚಳ ಹೊಡೆಯುತ್ತಿದ್ದ.

ಆ ಬಿಲ್ಲಿಗೆ ಗುರಿ ನೋಡುವ ಸೂಜಿ, ಗಾಜು ಏನೂ ಇಲ್ಲ. ಬರೀ ಮರ ಮತ್ತು ಹೆದೆ. ಹಂದಿಯನ್ನು ನೋಡಬೇಡ, ಅದರ ಮೈಮೇಲೆ ಒಂದು ಕೂದಲು ಆರಿಸಿಕೊಂಡು ಅದನ್ನು ಮಾತ್ರ ನೋಡು ಎಂದು ಅಪ್ಪ ಕಲಿಸಿದ್ದ. ಮುಂಗಾಲಿನ ಮೊಣಕೈ ಹಿಂದೆ, ಜಿಂಕೆಗೆ ನೋಡುವುದಕ್ಕಿಂತ ಒಂದು ಗೇಣು ಕೆಳಗೆ, ಒಂದು ಕೂದಲು. ಕಣ್ಣು ಅಲ್ಲಿ ನಾಟಿದರೆ ಬಾಣ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆ ಒಂದು ಕೂದಲಿನ ಜಾಗದಲ್ಲೇ ಕಪ್ಪು ಕವಿದಿದ್ದರೆ?

ಕೋಲ್ಬಿ ಬಕೆಟ್ಟಿನ ಮೇಲೆ ಕೂತ. ಅಪ್ಪ ಕೂತಂತೆಯೇ ಕೂತು ಎಡಗೈ ಚಾಚಿದ. ಕಾಲುದಾರಿ, ಅದರ ಹಿಂದೆ ಎರಡು ಪೈನ್ ಮರ, ಎರಡರ ನಡುವೆ ಸಂದು, ಆ ಸಂದಿನಾಚೆ ನೀಲಿ ಬಣ್ಣದ್ದೇನೋ.

ಎದ್ದು ಹೋಗಿ ನೋಡಿದ. ಮಿಸ್ ಐನೆಜ್ ಮೊಮ್ಮಗಳಿಗೆಂದು ಹಿತ್ತಲ ಕೊನೆಯಲ್ಲಿ ತೆಳು ಹಲಗೆಯಿಂದ ಮಾಡಿಸಿದ ಆಟದ ಮನೆ ಅದು. ಒಂದಾಳು ಎತ್ತರವೂ ಇಲ್ಲ. ಹಿಂದಿನ ಗೋಡೆಯಲ್ಲಿ, ಅವನ ಸೊಂಟಕ್ಕಿಂತ ತುಸು ಕೆಳಗೆ, ಎರಡು ಹಳದಿ, ಒಂದು ಬಿಳಿ.

ಬಾಣ ಗೋಡೆಯನ್ನು ದಾಟಿ ಒಳಗೆ ಅರ್ಧಕ್ಕೂ ಹೆಚ್ಚು ಹೋಗಿತ್ತು. ಕೋಲ್ಬಿ ತಲೆ ತಗ್ಗಿಸಿ ಬಾಗಿಲೊಳಗೆ ನುಗ್ಗಿದ. ಒಂದು ಪುಟ್ಟ ಮೇಜು, ಮೇಜಿನ ಮೇಲೆ ಮೂರು ಪ್ಲಾಸ್ಟಿಕ್ ಕಪ್ಪು, ಒಂದರಲ್ಲಿ ಮಣ್ಣಿನ ಟೀ. ಗೋಡೆಗೆ ಒರಗಿಸಿದ್ದ ಪುಟ್ಟ ಕುರ್ಚಿಯ ಬೆನ್ನಿನಿಂದ ಒಂದು ಗೇಣು ಮೇಲೆ ಅಲಗು ಚಾಚಿಕೊಂಡಿತ್ತು. ಕುರ್ಚಿಯಲ್ಲಿ ಒಂದು ಗೊಂಬೆ ಕೂತಿತ್ತು.

ಅವನು ಮಂಡಿಯೂರಿದ. ಆಮೇಲೆ ಅಲಗನ್ನು ಹಿಡಿದು ತಿರುವಿದ. ತಿರುಪು ಬಿಚ್ಚಿತು, ಬೆರಳು ಕುಯ್ಯಿತು. ಹೊರಗೆ ಹೋಗಿ ಬಾಣವನ್ನು ಹಿಂದಕ್ಕೆಳೆದ. ತೂತಿಗೆ ಹಳ್ಳದ ಜೇಡಿಮಣ್ಣು ಒತ್ತಿ, ಉಗುಳು ಹಚ್ಚಿ ಸಾರಿಸಿದ. ಹುಡುಗಿ ಬರುವುದು ಭಾನುವಾರ, ಚರ್ಚು ಮುಗಿದ ಮೇಲೆ. ನಾಳೆ.

*

ಸಂಜೆ ವರ್ಲನ್ ಅಡುಗೆಮನೆಯ ಮೇಜಿಗೆ ಕೂತು ಗರಿ ಆರಿಸುತ್ತಿದ್ದ. ಎರಡು ಹಳೆಯ ಚುಟ್ಟಾ ಡಬ್ಬಿ, ಒಂದರಲ್ಲಿ ಎಡ, ಒಂದರಲ್ಲಿ ಬಲ. ಗರಿಯನ್ನು ನೋಡದೆ, ಹೆಬ್ಬೆರಳಿನಲ್ಲಿ ಅದರ ಬಾಗು ಸವರಿ ನೋಡಿ ಹಾಕುತ್ತಿದ್ದ. ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿತ್ತು. ಜೋಳದ ರೊಟ್ಟಿ ಅಂಚು ಸೀದಿತ್ತು. ಆ ಮನೆಯಲ್ಲಿ ಅಡುಗೆ ಮಾಡುವ ಹೆಂಗಸು ಇಲ್ಲದೆ ಹನ್ನೊಂದು ವರ್ಷ. ಕೀಲಿಗೊಂಚಲು ಗೋಡೆಯ ಮೊಳೆಗೆ ವಾಪಸು ಬಂದಿತ್ತು.

"ಬುಧವಾರ ಎಷ್ಟು ಬಾಣ ಬಿಟ್ಟೆ?" ಎಂದ ಕೋಲ್ಬಿ ಬಾಗಿಲಲ್ಲೇ ನಿಂತು.

"ಸರ್ ಅನ್ನೋದು ಎಲ್ಲಿ ಹೋಯ್ತು?"

"ಎಷ್ಟು ಬಿಟ್ಟೆ?"

ವರ್ಲನ್‌ನ ಹೆಬ್ಬೆರಳು ಒಂದು ಗರಿಯ ಮೇಲೆ ನಿಂತಿತು. "ಒಂದು. ಬಿತ್ತು ಅದಕ್ಕೆ. ಎದೆಗೇ ಬಿತ್ತು, ಸದ್ದು ಕೇಳ್ತು ನನಗೆ. ಐನೆಜ್ ಹೇಳ್ತಿರೋದು ಬೇರೆ ಹಂದಿ ಇರಬೇಕು."

"ಬೇರೆ ಹಂದಿಗೆ ನಿನ್ನ ಬಾಣ ಯಾರು ಚುಚ್ಚಿದ್ರು? ಪಾದ್ರಿನಾ?"

"ನಾಲಗೆ ಬಿಗಿ ಹಿಡಿ."

ಕೋಲ್ಬಿ ಹಿಂದೆ ಮರೆಸಿ ಹಿಡಿದಿದ್ದ ಬಾಣವನ್ನು ಮೇಜಿನ ಮೇಲೆ, ಗರಿಗಳ ಮಧ್ಯೆ ಇಟ್ಟ. ಅಲಗನ್ನು ಅದರ ಪಕ್ಕ ಇಟ್ಟ. ವರ್ಲನ್ ಅದರ ಕಡೆ ನೋಡಲಿಲ್ಲ. ಕೈ ಚಾಚಿ, ಬಾಣದುದ್ದಕ್ಕೂ ಬೆರಳು ಹರಿಸಿ, ಗರಿಯ ತನಕ ಬಂದು ನಿಲ್ಲಿಸಿದ. ಬಾಗು ಗುರುತು ಹಿಡಿದ.

"ಎಲ್ಲಿತ್ತು ಇದು?"

"ಆ ಹುಡುಗಿ ಆಟದ ಮನೆಯ ಗೋಡೇಲಿ. ಕುರ್ಚಿ ಮೇಲೆ."

ಒಲೆಯ ಮೇಲೆ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಕೋಲ್ಬಿ ಹೋಗಿ ಒಲೆ ಆರಿಸಿದ.

"ಬುಧವಾರ ಅಲ್ಲಿ ಯಾರೂ ಇರ್ಲಿಲ್ಲ," ಎಂದ ವರ್ಲನ್ ಕೊನೆಗೆ.

"ನೋಡಿದ್ಯಾ?"

"ಇರ್ಲಿಲ್ಲ."

"ಅದೇ ಕೇಳ್ತಿರೋದು, ನೋಡಿದ್ಯಾ? ನನ್ನ ಮುಖ ನೋಡಿ ಹೇಳು. ಕಿವಿ ನೋಡಬೇಡ. ಮುಖ ನೋಡು!"

ವರ್ಲನ್ ತಲೆ ಎತ್ತಿದ. ಅವನ ಕಣ್ಣು ಮಗನ ಮುಖದ ನಡುವಿಗೆ ಬಂದು, ತಡಕಾಡಿ, ಮತ್ತೆ ಪಕ್ಕಕ್ಕೆ ಸರಿಯಿತು. ಬೋಳುತಲೆಯ, ಅಗಲ ಭುಜದ ಆ ಮನುಷ್ಯ ಒಂದು ಕ್ಷಣದಲ್ಲಿ ಯಾರದೋ ಮನೆಗೆ ಬಂದು ಕೂತವನ ಹಾಗೆ ಕಂಡ.

"ಮಧ್ಯದಲ್ಲಿ ಮಾತ್ರ ಕಪ್ಪು," ಎಂದ. "ಡಾಕ್ಟರೇ ಹೇಳಿದ್ರು, ಸುತ್ತ ಎಲ್ಲ ಚೆನ್ನಾಗಿರುತ್ತೆ ಅಂತ. ಸುತ್ತ ಕಾಣುತ್ತಲ್ಲ! ಹಂದಿ ಏನು ನೊಣಾನಾ?"

"ನನಗ್ಯಾಕೆ ಹೇಳಲಿಲ್ಲ?"

"ಹೇಳಿ? ನೀನು ಕೈ ಹಿಡ್ಕೊಂಡು ರಸ್ತೆ ದಾಟಿಸೋಕಾ?"

"ಸರಿ. ನೀನು ಕುರುಡಾಗು, ಹಾಳಾಗಿ ಹೋಗು. ಷೆಡ್ಡಿನಲ್ಲಿ ನನ್ನ ಮೇಲೆ ಯಾಕೆ ಹಾಕ್ದೆ? ಅಷ್ಟೂ ಜನರ ಎದುರಿಗೆ! ಗೊಬ್ಬರ ಬಾಚೋನು ನಾನು, ಅಲ್ವಾ? ಯೋಗ್ಯತೆ ಇಲ್ಲದವನು ನಾನು?"

"ಮತ್ತೇನು ಹೇಳಬೇಕಾಗಿತ್ತೋ?" ವರ್ಲನ್ ಮೇಜಿಗೆ ಗುದ್ದಿದ. ಹಗುರ ಗರಿಗಳು ಎದ್ದು ಚದುರಿದವು. ಎಡದ್ದು ಬಲದ್ದು ಬೆರೆತುಹೋದವು. "ನೀನು ಇನ್ನೂ ಚಿಕ್ಕವನು. ನಿನ್ನದನ್ನ ಜನ ನಾಲ್ಕು ತಿಂಗಳಿಗೆ ಮರೀತಾರೆ. ನನ್ನದನ್ನ ಮರೆಯಲ್ಲ. ನನ್ನ ಹತ್ರ ಇನ್ನೇನಿದೆ ಹೇಳು? ಈ ಮನೇಲಿ, ಈ ಊರಲ್ಲಿ, ಈ ಬಿಲ್ಲು ಬಿಟ್ರೆ ಏನಿದೆ?"

ಕೋಲ್ಬಿಯ ಬಾಯಿಗೆ ಉತ್ತರ ಬಂದಿತ್ತು. ಒಬ್ಬ ಮಗ ಇದ್ದಾನೆ ಎಂಬ ಉತ್ತರ. ಅದನ್ನು ಹೇಳುವುದಕ್ಕೆ ಅವನಿಗೆ ಅಸಹ್ಯವಾಯಿತು.

"ಸೋಮವಾರ ಹೆನ್ಸ್‌ಲಿ ಗೇಟಿಗೆ ಹೋಗ್ತೀನಿ," ಎಂದ ವರ್ಲನ್ ಗರಿಗಳನ್ನು ತಡವಿ ತಡವಿ ಗುಡ್ಡೆ ಮಾಡುತ್ತ. "ಹತ್ತಿರ ಕೂರ್ತೀನಿ ಈ ಸಲ. ಹತ್ತು ಹೆಜ್ಜೆ. ಹತ್ತು ಹೆಜ್ಜೆಗೆ ಯಾವನೂ ತಪ್ಪಲ್ಲ."

ಹೆನ್ಸ್‌ಲಿಯ ಜಮೀನು ಆ ಏಳರಲ್ಲಿ ಒಂದು; ಅದರ ಬೇಲಿಗೆ ಆತುಕೊಂಡೇ ಶಾಲೆಯ ಬಸ್ಸು ನಿಲ್ಲುವ ಜಾಗ.

*

ಭಾನುವಾರ ಊಟದ ನಂತರ ಅಪ್ಪ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಗ ಕೋಲ್ಬಿ ಮೊಳೆಯಿಂದ ಕೀಲಿಗೊಂಚಲು ತೆಗೆದ. ಒಂದಕ್ಕೊಂದು ತಾಗಿ ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡು ನಡೆದ. ಟ್ರಕ್ಕು ಚಾಲೂ ಮಾಡಿದರೆ ಅಪ್ಪ ಏಳುತ್ತಾನೆ.

ನಿಜ ಹೇಳಿದರೆ ಏಳು ಮನೆಗೂ ಕ್ಷಣದಲ್ಲಿ ಅರ್ಥವಾಗುತ್ತಿತ್ತು. ಪಾಪ, ವರ್ಲನ್, ಕಣ್ಣು ಹೋಯಿತಂತೆ ಎನ್ನುತ್ತಿದ್ದರು. ಚರ್ಚಿನಲ್ಲಿ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದರು, ಪಾತ್ರೆ ತುಂಬ ಅಡುಗೆ ತಂದುಕೊಡುತ್ತಿದ್ದರು, ಕೈ ಹಿಡಿದು ರಸ್ತೆ ದಾಟಿಸುತ್ತಿದ್ದರು. ಅದಕ್ಕಿಂತ ತನ್ನ ಎದೆಗೇ ಬಾಣ ಬೀಳುವುದು ಮೇಲು ಅಂದುಕೊಳ್ಳುವ ಜಾತಿ ಅಪ್ಪನದು. ಒಂದು ಹೊತ್ತು ಹಾಗೇ ಆಗಲಿ, ಅನುಭವಿಸಲಿ ಅನ್ನಿಸಿತು ಕೋಲ್ಬಿಗೆ. ಮೊದಲ ಗೇಟು ಬರುವ ತನಕವೂ ಅನ್ನಿಸುತ್ತಲೇ ಇತ್ತು.

ಮಿಸ್ ಐನೆಜ್ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಜಗಲಿಯ ಕೆಳಗಿನಿಂದ ಸುಣ್ಣದ ಪುಡಿಯ ವಾಸನೆ.

"ಇದು ನಿಮ್ಮಪ್ಪನ ಹತ್ರ ಇದೆ ಅಂದ್ಕೊಂಡಿದ್ದೆ," ಎಂದರು ಕೀಲಿ ನೋಡಿ.

"ಇತ್ತಮ್ಮ. ಕದ್ದು ತಂದೆ."

"ಯಾರ ಹತ್ರ ಕದ್ದೆ?"

"ಅಪ್ಪನ ಹತ್ರ. ಎಷ್ಟು ಸಲೀಸು ನೋಡಿ. ಅವರ ಹತ್ರ ಇದ್ರೆ ನನ್ನ ಹತ್ರ ಇದ್ದಂಗೇನೆ. ಅದಕ್ಕೇ ಹೇಳೋಕೆ ಬಂದೆ. ನಮ್ಮ ಮನೆಗೆ ಕೀಲಿ ಕೊಡಬೇಡಿ. ಅಪ್ಪ ಬಂದು ಕೇಳಿದ್ರೂ ಕೊಡಬೇಡಿ. ನನಗೆ ಕೈ ತಡೆಯಲ್ಲ. ಮತ್ತೆ ಹೋಗಿ ಹೊಡೀತೀನಿ."

"ಏನು ಮಾತು ಇದು?" ಬಟಾಣಿಯ ಬೋಗುಣಿ ಕೆಳಗಿಟ್ಟರು. "ಕುಡಿದಿದೀಯಾ?"

"ಇವತ್ತು ಇಲ್ಲ. ಬುಧವಾರ ಕುಡಿದಿದ್ದೆ."

ಅವರು ಅವನನ್ನೇ ನೋಡಿದರು. ಹಿತ್ತಲಿನಿಂದ ಹುಡುಗಿಯ ಕೂಗು ಬಂತು. "ಅಜ್ಜೀ! ನನ್ನ ಮನೆ ಗೋಡೇಲಿ ತೂತು! ಬೆಳಕು ಬರ್ತಿದೆ!"

ಮಣ್ಣು ಒಣಗಿ ಉದುರಿರಬೇಕು.

"ದುಂಬಿ ಕೊರೆದಿರುತ್ತೆ ಪುಟ್ಟಿ," ಎಂದು ಮಿಸ್ ಐನೆಜ್ ಅಲ್ಲಿಂದಲೇ ಕೂಗಿದರು. "ಬೆರಳು ಹಾಕಬೇಡ, ಕಚ್ಚುತ್ತೆ." ಆಮೇಲೆ ಕೀಲಿಯನ್ನು ಅವನ ಕೈಯಿಂದ ತೆಗೆದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. "ನಿಮ್ಮಪ್ಪ ಒಳ್ಳೇ ಮನುಷ್ಯ, ಕೋಲ್ಬಿ. ಅವನಿಗೆ ಇಂಥಾದ್ದು ಬರಬಾರದಿತ್ತು."

"ಹೌದಮ್ಮ," ಎಂದ ಅವನು.

ಉಳಿದ ಮನೆಗಳಲ್ಲಿ ಅಷ್ಟು ಹೊತ್ತು ಹಿಡಿಯಲಿಲ್ಲ. ಸುಳ್ಳು ಬಾಯಿಗೆ ರೂಢಿಯಾಗುತ್ತ ಬಂತು. ಮೂರನೇ ಮನೆಗೆ ಬರುವಷ್ಟರಲ್ಲಿ ಅವನು ಕುಡಿದ ಬಿಯರಿನ ಲೆಕ್ಕವೂ ಸಿಕ್ಕಿತ್ತು. ಒಬ್ಬರು ಬಾಗಿಲು ಅರ್ಧ ತೆರೆದು ಕೈ ಮಾತ್ರ ಹೊರಗೆ ಚಾಚಿದರು. ಒಬ್ಬರು ಒಳಗೆ ಕೂರಿಸಿ ಅವನ ಆತ್ಮಕ್ಕಾಗಿ ಪ್ರಾರ್ಥಿಸಿದರು; ಅವನು ಟೋಪಿ ತೆಗೆದು ಕೂತಿದ್ದ. ಹೆನ್ಸ್‌ಲಿ ಮಾತ್ರ ಕೀಲಿಯನ್ನು ಎರಡು ಸಲ ತಿರುಗಿಸಿ ನೋಡಿ, ತನ್ನದೇ ಹೌದೆಂದು ಖಾತ್ರಿ ಮಾಡಿಕೊಂಡು, "ನೀನು ವರ್ಲನ್‌ಗೇ ಹುಟ್ಟಿದ್ದೇನೋ?" ಎಂದ.

"ಹೌದು ಸರ್. ತೊಂದರೆ ಆಗಿರೋದೇ ಅಲ್ಲಿ."

ಏಳನೇ ಮನೆಯ ಮೆಟ್ಟಿಲಿಳಿದಾಗ ಅವನ ಕೈಯಲ್ಲಿ ಖಾಲಿ ಉಂಗುರ ಉಳಿದಿತ್ತು. ಅದನ್ನು ಹಳ್ಳಕ್ಕೆ ಎಸೆದ.

*

ಆ ವಾರ ಮನೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ವರ್ಲನ್ ಗೋಡೆಯ ಮೊಳೆಯನ್ನು ತಡವಿದ್ದನ್ನು ಕೋಲ್ಬಿ ನೋಡಿದ. ತಡವಿ, ಗೋಡೆಯುದ್ದಕ್ಕೂ ಅಂಗೈ ಸವರಿ, ನೆಲಕ್ಕೆ ಬಗ್ಗಿ ತಡವಿ, ಸುಮ್ಮನೆ ಎದ್ದು ನಿಂತ. ಕೇಳಲಿಲ್ಲ. ಬಿಲ್ಲು ಹಿಡಿದುಕೊಂಡೇ ಹೆನ್ಸ್‌ಲಿಯ ಮನೆಗೆ ನಡೆದು ಹೋದನಂತೆ. ಹೋದಷ್ಟೇ ಬೇಗ ವಾಪಸು ಬಂದನಂತೆ. ಕೋಲ್ಬಿಗೆ ಫಾರಂನಲ್ಲಿ ಯಾರೋ ಹೇಳಿದರು, ನಗುತ್ತ.

ಶನಿವಾರ ಮನೆಯಲ್ಲಿ ಸಾಸೇಜು ಮುಗಿದಿತ್ತು. ಕೋಲ್ಬಿ ಷೆಡ್ಡಿಗೆ ಹೋದಾಗ ಅದೇ ಐದಾರು ಜನ, ಅದೇ ಕಾಫಿ. ವರ್ಲನ್ ಮೊದಲೇ ಬಂದು ಮೇಜಿನ ತುದಿಯಲ್ಲಿ ಕೂತಿದ್ದ, ಕ್ಷೌರ ಮಾಡಿಕೊಂಡಿರಲಿಲ್ಲ.

"ಬಂದ ನೋಡಿ ಕುಡುಕ," ಎಂದ.

ಯಾರೂ ನಗಲಿಲ್ಲ. ಮೆರಿಲ್ ಸಾಸೇಜು ಕಟ್ಟಲು ಕಾಗದ ಹರಿದ.

"ಏಳು ಬಾಗಿಲಿಗೂ ಹೋಗಿ ನನ್ನ ಮೂವತ್ತು ವರ್ಷ ವಾಪಸ್ ಕೊಟ್ಟು ಬಂದಿದಾನೆ," ಎಂದ ವರ್ಲನ್. ದನಿ ಏರುತ್ತಿತ್ತು. "ಕೇಳದೆ, ಹೇಳದೆ. ನಿದ್ದೇಲಿದ್ದ ಅಪ್ಪನ ಮನೇಲಿ ಕಳ್ಳತನ ಮಾಡಿ! ಇವನು ಹುಟ್ಟಿದ ದಿನ ನಾನು ಊರಿಗೆಲ್ಲ ಹಂದಿ ಸುಟ್ಟು ಊಟ ಹಾಕಿದ್ದೆ, ನೆನಪಿದ್ಯಾ ಮೆರಿಲ್? ಆ ಹಂದಿ ಸಾಕಿದ್ರೆ ಲಾಭ ಇತ್ತು."

"ಸಾಕು ವರ್ಲನ್," ಎಂದ ಮೆರಿಲ್.

"ಸಾಕಾ? ಯಾವ ಮುಖ ಇಟ್ಕೊಂಡು ಇಲ್ಲಿಗೆ ಬಂದ ಇವನು?"

ಮೆರಿಲ್ ಕಾಗದ ಮಡಿಸಿ ದಾರ ಸುತ್ತಿದ. ಗಂಟು ಹಾಕಿದ. ಆಮೇಲೆ, ಸಾಸೇಜಿನ ಬಗ್ಗೆ ಹೇಳುವವನ ಹಾಗೆ, "ನಮ್ಮ ಭಾವನೂ ಆ ಫಾರಂನಲ್ಲೇ ಕೋಳಿ ಹಿಡಿಯೋದು, ಕೋಲ್ಬಿ," ಎಂದ. "ಮೊನ್ನೆ ಮಾತಿಗೆ ಬಂತು. ಆ ಬುಧವಾರ ಲಾರಿ ತುಂಬೋ ದಿನ ಅಂತೆ. ನೀನೂ ಅವನೂ ಬೆಳಿಗ್ಗೆ ಐದರಿಂದ ಸಾಯಂಕಾಲ ದೀಪ ಹಚ್ಚೋವರೆಗೂ ಒಟ್ಟಿಗೇ ಇದ್ರಂತೆ. ಒಂದು ಹನಿ ಕುಡಿದಿರಲಿಲ್ಲವಂತೆ."

ಕಾಫಿ ಲೋಟಗಳು ಎಲ್ಲೆಲ್ಲಿದ್ದವೋ ಅಲ್ಲಲ್ಲೇ ನಿಂತವು. ಶೀತಲ ಕೋಣೆಯ ಯಂತ್ರ ಗುರ್ ಎಂದು ಶುರುವಾಯಿತು. ಒಬ್ಬನ ತಲೆ ಕೋಲ್ಬಿಯ ಕಡೆಗೆ ತಿರುಗಿತು, ಆಮೇಲೆ ಇನ್ನೊಬ್ಬನದು, ಆಮೇಲೆ ಎಲ್ಲರದ್ದೂ ನಿಧಾನವಾಗಿ ಮೇಜಿನ ತುದಿಯ ಕಡೆಗೆ.

"ಯಾರು ಹೊಡೆದದ್ದು ಆ ಹಂದೀನ, ಕೋಲ್ಬಿ?" ಎಂದು ಮೆರಿಲ್ ಮೆಲ್ಲಗೆ ಕೇಳಿದ.

ವರ್ಲನ್‌ನ ಮುಖದಿಂದ ಸಿಟ್ಟು ಇಳಿದುಹೋಗಿತ್ತು. ಸಿಟ್ಟು ಹೋದ ಮೇಲೆ ಅಲ್ಲಿ ಏನೂ ಉಳಿದಿರಲಿಲ್ಲ. ಅವನ ಬೆರಳು ಮೇಜಿನ ಅಂಚನ್ನು ಹಿಡಿದಿತ್ತು. ಅವನು ತಲೆಯನ್ನು ಒಂದಿಷ್ಟು ಓರೆ ಮಾಡಿ, ಎಲ್ಲೋ ಪಕ್ಕದಿಂದ ಮಗನನ್ನು ನೋಡಲು ಯತ್ನಿಸಿದ.

"ಹೇಳೋ," ಎಂದ. ಅದು ಅಪ್ಪಣೆಯೋ ಬೇಡಿಕೆಯೋ ಯಾರಿಗೂ ತಿಳಿಯಲಿಲ್ಲ. "ಕೇಳ್ತಿದಾರಲ್ಲ. ಹೇಳು."

ಕೋಲ್ಬಿ ಪೊಟ್ಟಣ ತೆಗೆದುಕೊಂಡ. ತೆಗೆದುಕೊಂಡು, ಅಪ್ಪನ ಕೈಗೆ ಎಟಕುವ ಹಾಗೆ ಅವನ ಮುಂದಿಟ್ಟ. ಅಪ್ಪನನ್ನು ಮನೆಗೆ ಬಿಡಿ ಎನ್ನುವ ಹಾಗೆ ಟ್ರಕ್ಕಿನ ಕೀಲಿಯನ್ನು ಮೆರಿಲ್‌ನ ಕಡೆ ಸರಿಸಿದ. ಮೆರಿಲ್ ಅದನ್ನು ನೋಡಿದ, ಮುಟ್ಟಲಿಲ್ಲ, ಆದರೆ ತಲೆಯಾಡಿಸಿದ. ಕೋಲ್ಬಿ ಟೋಪಿಯನ್ನು ಹಣೆಗೆ ಎಳೆದುಕೊಂಡು ಬಾಗಿಲಿಗೆ ನಡೆದ.

ಹೊರಗೆ ಮೋಡ ಕಟ್ಟಿತ್ತು, ಗಾಳಿ ಇರಲಿಲ್ಲ. ರಸ್ತೆಯ ಆಚೆ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಬೆಳಗಿನ ಜಾವ ಹಂದಿಗಳು ಬಂದು ಹೋಗಿದ್ದವು. ಬೇಲಿಯಿಂದ ಹಿಡಿದು ಮೂರನೇ ಸಾಲಿನ ಕಲ್ಲುಗಳ ತನಕ ಹುಲ್ಲು ಚಾಪೆಯ ಹಾಗೆ ಮಗುಚಿ ಬಿದ್ದಿತ್ತು. ಇಬ್ಬರು ಹೆಂಗಸರು ಮಗುಚಿದ ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ತಿರುವಿ ಹಾಕಿ, ಚರ್ಚಿಗೆ ಹಾಕುವ ಬೂಟಿನಲ್ಲೇ ತುಳಿದು ಕೂರಿಸುತ್ತಿದ್ದರು. ಅವನನ್ನು ಕಂಡು ಒಬ್ಬಳು ನೆಟ್ಟಗೆ ನಿಂತಳು, ಏನೋ ಕೇಳುವವಳಂತೆ. ಅವನು ನಿಲ್ಲಲಿಲ್ಲ. ಅಡ್ಡದಾರಿ ಆ ಸಡಿಲ ಮಣ್ಣಿನ ಮೇಲೆಯೇ ಹೋಗುತ್ತಿತ್ತು. ಮಣ್ಣು ಕಪ್ಪಗೆ, ಹಸಿಯಾಗಿತ್ತು; ಹೆಜ್ಜೆಹೆಜ್ಜೆಗೂ ಹಿಮ್ಮಡಿ ಹೂತು, ಎಳೆದು, ಮತ್ತೆ ಹೂತುಕೊಳ್ಳುತ್ತಿತ್ತು.